ಆಕೆಯ ಕೈಗೆ ಪುಸ್ತಕ ಕೊಟ್ಟವಳು ನಾನು

ಮಾನ್ವಿಯ ಆ ಗ್ರಂಥಾಲಯವನ್ನು ನಡೆಸುತ್ತಿದ್ದವರು ರಾಯಚೂರಿನ ಒಂದು ಸಂಸ್ಥೆಯವರು. ಊರಿನವರಿಗೆಲ್ಲ ಅಲ್ಲಿ ಪ್ರವೇಶವಿತ್ತು. ನಾನು ಅಲ್ಲಿ ಸಹಾಯಕಿ. ವರ್ಷಕ್ಕೊಮ್ಮೆ ಗುತ್ತಿಗೆ ಮುಂದುವರಿಸುವ ನೌಕರಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು ಇವೆಲ್ಲ ಇದ್ದವು. ಆದರೆ ನನಗೆ ಇಷ್ಟವಾಗಿದ್ದ ಕೆಲಸ ಒಂದೇ. ತಿಂಗಳ ಕೊನೆಯ ವಾರ ಬಾಗಿಲ ಪಕ್ಕದ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ‘ಮುಂಬರುವ ಕಾರ್ಯಕ್ರಮಗಳು’ ಎಂದು ಹಳದಿ ಸೀಮೆಸುಣ್ಣದಲ್ಲಿ ಬರೆಯುವುದು. ಸ್ಪರ್ಧಾತ್ಮಕ ಪರೀಕ್ಷೆಯ ತರಗತಿ, ಹೆಣ್ಣುಮಕ್ಕಳ ಓದು ಬಳಗ, ಕಣ್ಣಿನ ತಪಾಸಣೆ, ಚಿತ್ರ ಬಿಡಿಸುವ ಸ್ಪರ್ಧೆ. ನನ್ನ ಅಕ್ಷರ ದುಂಡಗಿತ್ತು. ರಾಯಚೂರಿನಲ್ಲಿ ನಮ್ಮ ಮನೆಯಲ್ಲಿ ಮಾತಾಡುವುದು ದಖನಿ. ಅಬ್ಬಾ ಬಜಾರಿನಲ್ಲಿ ಖರ್ಜೂರ, ಗೋಡಂಬಿ ಮಾರುತ್ತಿದ್ದರು. ಇಷ್ಟು ಚೆಂದ ಕನ್ನಡ ಬರೆಯುವವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ ಎಂದು ಅಮ್ಮಿ ಬಂದವರೆದುರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಆ ಹಲಗೆಯ ಮೇಲೆ ಬರೆದದ್ದೆಲ್ಲ ನಡೆಯುತ್ತಿತ್ತು ಎಂದಲ್ಲ. ಭಾನುವಾರದ ‘ಮಕ್ಕಳ ಕಥಾ ವೇಳೆ’ಗೆ ಮೂರು ವಾರ ನಾಲ್ಕೈದು ಮಕ್ಕಳು ಬಂದವು. ನಾನು ಪುಸ್ತಕ ಹಿಡಿದು ಓದಿದೆ, ಅವು ಕಿಟಕಿ ನೋಡಿದವು. ನಾಲ್ಕನೆಯ ವಾರ ಯಾರೂ ಬರಲಿಲ್ಲ. ಆವತ್ತು ಒಬ್ಬ ಅಜ್ಜಿ ಬಂದಳು.

ಆಕೆ ಗ್ರಂಥಾಲಯದ ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದವಳು. ಗಂಡನ ಜೊತೆ ಕುರಿ ಮೇಯಿಸಿಕೊಂಡು ಕೃಷ್ಣೆಯ ದಂಡೆಯಿಂದ ತುಂಗಭದ್ರೆಯ ದಂಡೆಯವರೆಗೆ ವರ್ಷಗಟ್ಟಲೆ ಅಲೆದಿದ್ದಳು. ಗಂಡ ತೀರಿಕೊಂಡ ಮೇಲೆ ಕುರಿಗಳೂ ಹೋಗಿದ್ದವು. ನೆರಳಿದೆ ಎಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆ ಭಾನುವಾರ ಮೊಮ್ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕಟ್ಟಿಕೊಂಡು ಒಳಗೆ ಬಂದು, ಖಾಲಿ ಚಾಪೆ ನೋಡಿ ಕೇಳಿದಳು.

“ಯಾಕ ಯವ್ವಾ, ಕಥಿ ಹೇಳೋದು ಬಂದ್ ಮಾಡಿರೇನು?”

“ಕೇಳೋರ ಇಲ್ಲಬೇ.”

“ಈ ಮೂರು ಹುಡಿಗೇರು ಅದಾವಲ್ಲ. ನಾ ಹೇಳ್ತೀನಿ ತಗಾ.”

ಚಾಪೆಯ ಮೇಲೆ ಕಾಲು ಚಾಚಿ ಕೂತು ಆಕೆ ತೋಳನ ಕಥೆ ಶುರುಮಾಡಿದಳು. “ಒಂದು ತ್ವಾಳಕ್ಕ ಹಲ್ಲಬ್ಯಾನಿ ಆಗಿತ್ತಂತ.” ಹಲ್ಲು ನೋವು ತಾಳಲಾರದ ತೋಳ ಕುರಿಗಾರನ ಹೆಂಡತಿಯ ಹಟ್ಟಿಗೆ ಬಂದು, ಹಲ್ಲು ಕಿತ್ತುಕೊಡು ಎಂದು ಬೇಡಿಕೊಳ್ಳುತ್ತದೆ. ಆಕೆ ಒಂದು ಹಲ್ಲಿಗೆ ಒಂದು ಆಣೆ ಹಾಕಿಸಿಕೊಂಡು ಕೀಳುತ್ತಾಳೆ. ಇವತ್ತಿನ ಹಲ್ಲಿಗೆ ಕರಿಕುರಿ ಮುಟ್ಟುವುದಿಲ್ಲ ಎಂಬ ಆಣೆ, ನಾಳಿನ ಹಲ್ಲಿಗೆ ಬಿಳಿಕುರಿ. ಅಜ್ಜಿ ಹೇಳುವಾಗ ಬಾಯಿ ಒಂದು ಕಡೆಗೆ ಊದುತ್ತಿತ್ತು, ಕಣ್ಣು ಮೇಲಾಗುತ್ತಿತ್ತು, ಗಂಟಲಿನಿಂದ ಒಂದು ಸಣ್ಣ ಊಳು ಬರುತ್ತಿತ್ತು. ಮೂರು ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೇಳಿದರು. ಪೇಪರು ಓದುತ್ತಿದ್ದ ಮುದುಕರೂ ಪೇಪರು ಇಳಿಸಿದರು. ಒಂದು ಹಲ್ಲು ಕಿತ್ತ ಮೇಲೆ ಅಜ್ಜಿ ಎದ್ದುಬಿಟ್ಟಳು.

“ಉಳಿದ ಹಲ್ಲ ಮುಂದಿನ ಐತವಾರ.”

ಎರಡು ತಿಂಗಳಲ್ಲಿ ಚಾಪೆ ಸಾಲದಾಯಿತು. ಪೋತ್ನಾಳದಿಂದ ಒಬ್ಬ ತಂದೆ ತನ್ನ ಮಗಳನ್ನು ಬೈಕಿನ ಮೇಲೆ ಕರೆತರುತ್ತಿದ್ದ. ಆ ಹುಡುಗಿ ಎಲ್ಲರಿಗಿಂತ ಮುಂದೆ ಕೂತು, ಅಜ್ಜಿ ಬಾಯಿ ತೆರೆಯುವ ಮೊದಲೇ ತನ್ನ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ತೊಂದರೆ ಶುರುವಾದದ್ದು ವರದಿಯಿಂದ. ಪ್ರತಿ ಕಾರ್ಯಕ್ರಮಕ್ಕೂ ರಾಯಚೂರಿಗೆ ಒಂದು ಹಾಳೆ ಕಳಿಸಬೇಕಿತ್ತು. ಅದರಲ್ಲಿ ‘ಓದಿದ ಪುಸ್ತಕ’ ಎಂಬ ಕಾಲಮು. ಕಥಾ ವೇಳೆ ಎಂದರೆ ನಮ್ಮ ಕಪಾಟಿನ ಪುಸ್ತಕ ಓದಬೇಕು ಎಂಬುದು ನಿಯಮ. ಮೊದಲ ಸಲ ಖಾಲಿ ಬಿಟ್ಟೆ. ಫೋನು ಬಂತು. ಎರಡನೆಯ ಸಲದಿಂದ ಕೈಗೆ ಸಿಕ್ಕ ಪುಸ್ತಕದ ಹೆಸರು ಬರೆದೆ. ಫೋಟೋ ಕಳಿಸಿ ಅಂದರು. ಆವತ್ತು ನಾನೇ ಅಜ್ಜಿಯ ತೊಡೆಯ ಮೇಲೆ ಒಂದು ಪುಸ್ತಕ ಬಿಚ್ಚಿಟ್ಟೆ.

“ಇದನ್ನ ಯಾಕ ಹಿಡಿಲಿ? ನಂಗ ಅಕ್ಷರ ಬರಂಗಿಲ್ಲಲ್ಲ,” ಅಂದಳು.

“ಫೋಟೋಕ್ಕಷ್ಟ ಹಿಡಕೋಬೇ. ನಡುನಡುವ ಹಾಳಿ ತಿರುವು. ಏನಾಗ್ತದ?”

ಆಕೆ ಹಿಡಿದಳು. ಆಮೇಲೆ ಪ್ರತಿ ಭಾನುವಾರವೂ ಹಿಡಿದಳು. ಹಾಳೆಗೆ ನೋವಾದೀತು ಎಂಬಂತೆ ಹಗುರವಾಗಿ ತಿರುವುತ್ತಿದ್ದಳು. ಅದು ನೋಡಲು ಚೆನ್ನಾಗಿತ್ತು. ಗುತ್ತಿಗೆ ಮುಂದುವರಿಸುವ ತಿಂಗಳು ಹತ್ತಿರ ಬಂದಾಗ ನಾನು ವರದಿಯಲ್ಲಿ ಒಂದು ಹೊಸ ಮಾತು ಸೇರಿಸಿದೆ. ಕುರಿ ಕಾಯುತ್ತಿದ್ದ ಈ ವೃದ್ಧೆ ನಮ್ಮ ಗ್ರಂಥಾಲಯದಲ್ಲೇ ಅಕ್ಷರ ಕಲಿತು ಈಗ ಮಕ್ಕಳಿಗೆ ಪುಸ್ತಕ ಓದುತ್ತಿದ್ದಾಳೆ ಎಂದು. ಅಜ್ಜಿಗೂ ಒಳ್ಳೆಯದೇ ಆಗುತ್ತದೆ ಅಂದುಕೊಂಡೆ.

ಸಂಸ್ಥೆಯ ಕಾರ್ಯದರ್ಶಿಗಳು ಆ ವರದಿ ಓದಿ ಬಹಳ ಸಂತೋಷಪಟ್ಟರು. ತಾವೇ ಮಾನ್ವಿಗೆ ಬಂದು ಆಕೆಯನ್ನು ಸನ್ಮಾನಿಸುವುದಾಗಿ ತಿಳಿಸಿದರು. ನಾನು ಹಲಗೆ ಒರೆಸಿ ಬರೆದೆ: ಓದುಗರ ದಿನ, ವರ್ಷದ ಉತ್ತಮ ಓದುಗರಿಗೆ ಸನ್ಮಾನ, ಎಲ್ಲರಿಗೂ ಸ್ವಾಗತ.

ಅಜ್ಜಿಗೆ ಹೇಳಿದಾಗ ಆಕೆ ಮೊದಲು ಕೇಳಿದ್ದು, “ಓದು ಅಂದ್ರ ಏನ್ ಮಾಡ್ಲಿ?”

“ಯಾರೂ ಅನ್ನಂಗಿಲ್ಲ. ಶಾಲು ಹಾಕ್ತಾರ, ಫೋಟೋ ತಗೀತಾರ, ಹೋಗ್ತಾರ.”

“ಖರೇನ?”

“ನಾ ಅದೀನಲ್ಲಬೇ,” ಅಂದೆ.

ಆ ದಿನ ಅಂಗಳ ತುಂಬಿತ್ತು. ಹೆಣ್ಣುಮಕ್ಕಳ ಬಳಗದವರು, ಪರೀಕ್ಷೆಗೆ ಓದುವ ಹುಡುಗರು, ಅಕ್ಕಪಕ್ಕದ ಅಂಗಡಿಯವರು, ಕಥೆಯ ಮಕ್ಕಳು ಎಲ್ಲರೂ ಇದ್ದರು. ಅಜ್ಜಿಯ ಮಗಳು, ಅಳಿಯ ಎರಡನೆಯ ಸಾಲಿನಲ್ಲಿ ಕೂತಿದ್ದರು. ಅಜ್ಜಿ ಮಗಳ ಮದುವೆಗೆ ತಂದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕಾರ್ಯದರ್ಶಿಗಳು ಆಕೆಗೆ ಶಾಲು ಹೊದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು. ಅವರಿಗೆ ಆಕೆಯ ಮೇಲೆ ಪ್ರೀತಿ ಹೆಚ್ಚಾಗಿಹೋಯಿತು. ಮೇಜಿನ ಮೇಲಿದ್ದ ಪುಸ್ತಕಗಳಲ್ಲಿ ಒಂದನ್ನು ಎತ್ತಿ ನಡುವೆ ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಅಮ್ಮನಿಗೆ ಕೊಡಿ. ಎರಡೇ ಸಾಲು ಓದಲಿ. ನಮ್ಮ ಯುವಕರು ಕೇಳಿ ನಾಚಿಕೊಳ್ಳಲಿ.”

ಅದು ಹತ್ತಿ ಬೆಳೆಗೆ ಬರುವ ರೋಗಗಳ ಕೈಪಿಡಿ. ನಾನು ಅದನ್ನು ಒಯ್ದು ಅಜ್ಜಿಯ ಕೈಯಲ್ಲಿಟ್ಟೆ. ಆಕೆ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಯಾಕೆ ಆಡಿಸಿದೆ ಎಂದು ಇವತ್ತಿಗೂ ಹೇಳಲಾರೆ. ಆಕೆ ಅದನ್ನು ಒಪ್ಪಿಗೆ ಅಂದುಕೊಂಡಳು. ಪುಸ್ತಕದ ಮೇಲೆ ಕಣ್ಣಿಟ್ಟು, ಹಾಳೆಯ ಮೇಲೆ ಬೆರಳಾಡಿಸುತ್ತ, ಮೈಕಿನಲ್ಲಿ ಶುರುಮಾಡಿದಳು.

“ಒಂದು ತ್ವಾಳಕ್ಕ ಹಲ್ಲಬ್ಯಾನಿ ಆಗಿತ್ತಂತ…”

ಕಾರ್ಯದರ್ಶಿಗಳು ಬಗ್ಗಿ ಪುಸ್ತಕ ನೋಡಿದರು. “ಅಮ್ಮಾ, ಇದರಲ್ಲಿ ತೋಳ ಎಲ್ಲಿದೆ?”

ಯಾರೋ ಹಿಂದೆ ಕಿಸಕ್ಕೆಂದರು. ಅಜ್ಜಿ ಒಂದು ಹಾಳೆ ಹಿಂದಕ್ಕೆ ತಿರುವಿದಳು, ತೋಳ ಅಲ್ಲೇನಾದರೂ ಇದ್ದೀತೇ ಎಂಬಂತೆ. ಆಗ ನಗೆ ಜೋರಾಯಿತು. ಕಾರ್ಯದರ್ಶಿಗಳು ಆಕೆಯ ಬೆರಳನ್ನು ತಮ್ಮ ಎರಡು ಬೆರಳಲ್ಲಿ ಹಿಡಿದು ಎತ್ತಿ ಒಂದು ಅಕ್ಷರದ ಮೇಲಿಟ್ಟರು. ಮೈಕು ಆಕೆಯ ಬಾಯಿಯ ಹತ್ತಿರವೇ ಇತ್ತು.

“ಇದು ಯಾವ ಅಕ್ಷರ? ಇದೊಂದು ಹೇಳಿ ಸಾಕು.”

ಆಕೆ ಬಹಳ ಹೊತ್ತು ನೋಡಿದಳು. ಹಣೆಯ ಮೇಲೆ ಬೆವರು ಮೂಡಿತ್ತು. ಆಮೇಲೆ, ಕೇಳಿಸಿಯೂ ಕೇಳಿಸದಂತೆ ಅಂದಳು, “ತ್ವಾಳ.”

ಇಡೀ ಅಂಗಳ ನಕ್ಕಿತು. ಮಕ್ಕಳು ನಕ್ಕವು, ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು. ಪರೀಕ್ಷೆಗೆ ಓದುವ ಹುಡುಗರು ಬೆಂಚು ಬಡಿದರು. ಅಳಿಯ ಎದ್ದು ಹೊರಗೆ ಹೋದ. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದೆ ನಿಂತರೆ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯಿಂದ ನಕ್ಕೆ ಎಂದು ಮುಂದೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನನಗೆ ನಗು ಬಂದಿತ್ತು.

ಕಾರ್ಯದರ್ಶಿಗಳು ನಗಲಿಲ್ಲ. ನನ್ನ ಕಡೆ ತಿರುಗಿದರು. “ಇವರು ಅಕ್ಷರ ಕಲಿತಿದ್ದಾರೆ ಅಂತ ನೀವೇ ಅಲ್ಲವೇ ಬರೆದದ್ದು?”

“ನನಗೂ ಹಾಗೇ ಹೇಳಿದ್ರು ಸರ್,” ಅಂದೆ. “ದಿನಾ ಪುಸ್ತಕ ಹಿಡಿದು ಓದ್ತಿದ್ರು. ಇವರಿಗೆ ಬರೋದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ.”

ಇದನ್ನು ನಾನು ಅಜ್ಜಿಗೆ ಕೇಳುವಂತೆಯೇ, ಆಕೆಯ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತು, ನನಗೆ ಹೆಮ್ಮೆಯಿದ್ದ ಶುದ್ಧ ಕನ್ನಡದಲ್ಲಿ ಹೇಳಿದೆ.

ಆಕೆ ಪುಸ್ತಕ ಮುಚ್ಚಿದಳು. “ಹೌದ್ರೀ ಯಪ್ಪಾ,” ಅಂದಳು ಅವರಿಗೆ. “ನಾನ ಸುಳ್ಳ ಹೇಳೀನ್ರಿ. ಈ ಹುಡಿಗೀದೇನೂ ತಪ್ಪಿಲ್ಲ.”

ಸನ್ಮಾನದ ಶಾಲು ಒಂದೇ ಇತ್ತು. ಸಭೆ ಕೆಡಬಾರದೆಂದು ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿದ್ದ ಒಬ್ಬ ನಿವೃತ್ತ ಮಾಸ್ತರರನ್ನು ವೇದಿಕೆಗೆ ಕರೆದರು. ಅಜ್ಜಿಯ ಹೆಗಲಿನಿಂದ ಶಾಲು ತೆಗೆಯಲು ನನಗೆ ಕಣ್ಸನ್ನೆ ಮಾಡಿದರು. ನಾನು ತೆಗೆದೆ. ಅದರ ಒಂದು ಎಳೆ ಆಕೆಯ ಕಿವಿಯ ಬುಗುಡಿಗೆ ಸಿಕ್ಕಿಕೊಂಡಿತು. ಆಕೆ ತಾನೇ ಬಿಡಿಸಿಕೊಟ್ಟಳು. ಆ ಹೊತ್ತಿನಲ್ಲೂ ಆಕೆಯ ಕೈ ಹಗುರವಾಗಿತ್ತು.

ಮನೆಗೆ ಹೋಗಿ ಅಮ್ಮಿಗೆ ಹೇಳಿದೆ. ಅಮ್ಮಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ತೂ ಭೀ ಹಸೀ ಕ್ಯಾ?” ಎಂದು ಕೇಳಿದಳು, ನೀನೂ ನಕ್ಕೆಯಾ ಎಂದು. ಹೂಂ ಅಂದೆ. ಆಕೆ ಮತ್ತೆ ಮೊರ ಎತ್ತಿಕೊಂಡಳು. ಆವತ್ತಿನಿಂದ ಬಂದವರೆದುರಿಗೆ ನನ್ನ ಕನ್ನಡದ ಮಾತು ತೆಗೆಯುವುದನ್ನು ಬಿಟ್ಟಳು.

ಮುಂದಿನ ಭಾನುವಾರ ಮಕ್ಕಳು ಬಂದು ಕಾದವು. ಅಜ್ಜಿ ಬರಲಿಲ್ಲ. ಓಣಿಯಲ್ಲಿ ಹುಡುಗರು ಆಕೆಯನ್ನು ಕಂಡಲ್ಲೆಲ್ಲ “ಇದ್ಯಾವ ಅಕ್ಷರ? ತ್ವಾಳ!” ಎಂದು ಕೂಗುತ್ತಿದ್ದರಂತೆ. ಅಳಿಯನಿಗೆ ಅದನ್ನು ತಡೆಯಲಾಗಲಿಲ್ಲ. ಒಂದು ತಿಂಗಳೊಳಗೆ ಅತ್ತೆಯನ್ನು ದೇವದುರ್ಗದ ಕಡೆಯ ಹಳ್ಳಿಯಲ್ಲಿದ್ದ ಆಕೆಯ ತಮ್ಮನ ಮನೆಗೆ ಬಿಟ್ಟುಬಂದ. ಕಥಾ ವೇಳೆಯನ್ನು ನಾನು ಹಲಗೆಯಿಂದ ಒರೆಸಿದೆ. ನನ್ನ ಗುತ್ತಿಗೆ ಮುಂದುವರಿಯಿತು.

ಮರುವರ್ಷ ಸಂಸ್ಥೆಯವರಿಗೆ ಹೊಸ ಯೋಚನೆ ಬಂತು. ಓದು ಬರಹ ಬಾರದ ಹಿರಿಯರಿಂದ ಬಾಯಿಮಾತಿನ ಕಥೆ ಹೇಳಿಸುವ ಕಾರ್ಯಕ್ರಮ. ರಾಯಚೂರಿನ ದೊಡ್ಡ ಗ್ರಂಥಾಲಯದಲ್ಲಿ, ಎಲ್ಲ ಶಾಖೆಗಳ ಮಕ್ಕಳೆದುರು. ಕಾರ್ಯದರ್ಶಿಗಳೇ ಫೋನು ಮಾಡಿದರು.

“ಆ ತೋಳದ ಅಜ್ಜಿ ಇದ್ದರಲ್ಲ, ಓದು ಬಾರದವರು? ಅವರೇ ಸರಿ. ಕರೆತನ್ನಿ. ಈ ಸಲ ಪುಸ್ತಕ ಗಿಸ್ತಕ ಕೊಡಬೇಡಿ.”

ಹೇಳಿ ನಕ್ಕರು. ನಾನು “ಆಯ್ತು ಸರ್” ಅಂದೆ.

ದೇವದುರ್ಗದಲ್ಲಿ ಬಸ್ಸಿಳಿದು, ಟಂಟಂ ಹಿಡಿದು ಆ ಹಳ್ಳಿಗೆ ಹೋದೆ. ಅಜ್ಜಿ ಮನೆಯಲ್ಲಿರಲಿಲ್ಲ. “ಸಾಲಿಗಿ ಹೋಗ್ಯಾಳ” ಎಂದು ಆಕೆಯ ತಮ್ಮನ ಹೆಂಡತಿ ಅಂದಳು. ಆ ಮಾತಿನಲ್ಲಿ ಅಸಹ್ಯ ತುಂಬಿತ್ತು. “ಸಾಯೋ ಕಾಲಕ್ಕ ಸಾಲಿ. ಮನಿ ಕೆಲಸಕ್ಕ ಕೈ ಬರಂಗಿಲ್ಲ, ಬಳಪ ಹಿಡ್ಯಾಕ ಬರ್ತದ.”

ಒಂದನೆಯ ತರಗತಿಯ ಕೋಣೆಯಲ್ಲಿ, ಗೋಡೆಗೆ ಒರಗಿ, ಮಕ್ಕಳ ಹಿಂದೆ ಆಕೆ ಕೂತಿದ್ದಳು. ತೊಡೆಯ ಮೇಲೆ ಪಾಟಿ. ನನ್ನನ್ನು ಕಂಡು ಎದ್ದು ಬಂದಳು. ಸೊರಗಿದ್ದಳು.

“ಬರ್ರಿ,” ಅಂದಳು. ಮೊದಲು ನನ್ನನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ.

ಬಂದ ಕೆಲಸ ಹೇಳಿದೆ. ಬಸ್ಸಿನಲ್ಲಿ ಕೂತು ಕ್ಷಮೆಯ ನಾಲ್ಕು ಮಾತು ಹೊಂದಿಸಿಕೊಂಡಿದ್ದೆ. ಅವು ಬಾಯಿಗೆ ಬರಲಿಲ್ಲ, ಕಾರ್ಯಕ್ರಮದ ದಿನ ಮತ್ತು ವೇಳೆ ಮಾತ್ರ ಬಂದವು. ಆಕೆ ಎಲ್ಲ ಕೇಳಿ ಅಂದಳು, “ಬರ್ತೀನಿ. ಆದ್ರ ನಾ ಓದ್ತೀನಿ.”

“ಓದೋದು ಬ್ಯಾಡಬೇ. ಬರೇ ಕಥಿ ಹೇಳಿದ್ರ ಸಾಕು.”

“ಓದ್ತೀನಿ ಅಂದ್ರ ಬರ್ತೀನಿ. ಇಲ್ಲಂದ್ರ ಇಲ್ಲ.”

ಹೇಗಾದರೂ ಬರಲಿ, ಅಲ್ಲಿ ಮಕ್ಕಳನ್ನು ಕಂಡರೆ ತಾನೇ ಕಥೆಗೆ ಇಳಿಯುತ್ತಾಳೆ ಎಂದುಕೊಂಡು ಒಪ್ಪಿದೆ.

ರಾಯಚೂರಿನ ಸಭಾಂಗಣಕ್ಕೆ ಮಾನ್ವಿಯ ಮಕ್ಕಳನ್ನೂ ಕರೆತಂದಿದ್ದೆ. ಪೋತ್ನಾಳದ ಹುಡುಗಿ ದಾರಿಯುದ್ದಕ್ಕೂ ಉಳಿದ ಮಕ್ಕಳಿಗೆ ತೋಳನಿಗೆ ಇನ್ನೆಷ್ಟು ಹಲ್ಲು ಉಳಿದಿವೆ ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ಅಜ್ಜಿ ವೇದಿಕೆ ಹತ್ತಿದಾಗ ಅವರೆಲ್ಲ “ತ್ವಾಳ! ತ್ವಾಳ!” ಎಂದು ಕೂಗಿದರು. ಪ್ರೀತಿಯಿಂದಲೇ ಕೂಗಿದ್ದು. ಆಕೆಯ ಮುಖ ಬಿಗಿಯಿತು.

ಆಕೆ ಸೆರಗಿನೊಳಗಿಂದ ಒಂದನೆಯ ತರಗತಿಯ ಪುಸ್ತಕ ತೆಗೆದಳು. ಕನ್ನಡಕ ಹಾಕಿಕೊಂಡಳು. ಬೆರಳಿಟ್ಟಳು.

“ಇ… ದು… ಮ… ನೆ. ಮನೆ. ಮ… ನೆ… ಯ… ಮು…”

ಅಲ್ಲಿ ನಿಂತಳು. ಒತ್ತಕ್ಷರವೋ ಸೊನ್ನೆಯೋ ಏನೋ ಅಡ್ಡ ಬಂದಿತ್ತು. ಸಭೆ ಕಾಯಿತು. ಆಕೆ ಮೊದಲಿನಿಂದ ಶುರುಮಾಡಿದಳು. ತೋಳನಾಗಿ ಊಳಿಡುತ್ತಿದ್ದ ಆ ಗಂಟಲು ಈಗ ಒಂದೇ ಸಮನಾಗಿ, ಒಣಗಿ, ಕಲ್ಲಿನ ಮೇಲೆ ಕಲ್ಲು ಎಳೆದಂತೆ ಕೇಳುತ್ತಿತ್ತು. ಮಕ್ಕಳು ಮೊದಲು ಸುಮ್ಮನಿದ್ದರು. ಆಮೇಲೆ ಕಾಲು ಆಡಿಸತೊಡಗಿದರು. ಆಮೇಲೆ ತಮ್ಮೊಳಗೇ ಮಾತಿಗಿಳಿದರು. ಪೋತ್ನಾಳದ ಹುಡುಗಿ ಮಾತ್ರ ಬಾಯಿ ತೆರೆದುಕೊಂಡೇ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಅವಳೂ ಬಾಯಿ ಮುಚ್ಚಿ, ತಂದೆ ಎಲ್ಲಿದ್ದಾನೆ ಎಂದು ಹಿಂದೆ ತಿರುಗಿ ನೋಡಿದಳು.

ಕಾರ್ಯದರ್ಶಿಗಳು ನನ್ನ ಕಿವಿಯ ಹತ್ತಿರ ಬಂದರು. “ನಿಲ್ಲಿಸಿ. ಕಥೆ ಹೇಳಿಸಿ.”

ನಾನು ವೇದಿಕೆ ಹತ್ತಿ ಮೆಲ್ಲಗೆ, “ಸಾಕಬೇ, ಮಕ್ಕಳು ತ್ವಾಳದ ಕಥಿ ಕೇಳಾಕತ್ತಾರ,” ಅಂದೆ.

ಆಕೆ ಪುಸ್ತಕದಿಂದ ಕಣ್ಣೆತ್ತಲಿಲ್ಲ. “ತಪ್ಪು ಓದಾಕತ್ತೀನೇನ್ರಿ?”

“ಇಲ್ಲ. ಸರಿ ಅದ.”

“ಹಂಗಾರ ಸುಮ್ಕಿರ್ರಿ.”

ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ನಾನು ಅಲ್ಲೇ ಪಕ್ಕದಲ್ಲಿ ನಿಂತೆ. ಆಕೆ ಆ ಪುಟದ ಐದು ಸಾಲನ್ನೂ ಓದಿ ಮುಗಿಸಿದಳು. ಮುಗಿಯುವ ಹೊತ್ತಿಗೆ ಅರ್ಧ ಮಕ್ಕಳನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಿದ್ದರು. ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ಅದೂ ಖಾಲಿ ಕುರ್ಚಿಗಳ ನಡುವೆ ಕೆಟ್ಟದಾಗಿ ಕೇಳಿಸಿದ್ದರಿಂದ ಎರಡು ಸಲ ತಟ್ಟಿ ನಿಲ್ಲಿಸಿದೆ. ಈ ಸಲ ಹೊದಿಸಿದ ಶಾಲನ್ನು ಆಕೆ ಮಡಚಿ ಕುರ್ಚಿಯ ಮೇಲಿಟ್ಟು ಇಳಿದಳು.

ಬಸ್ ನಿಲ್ದಾಣಕ್ಕೆ ನಾನೇ ಕರೆದೊಯ್ದೆ. ಬಿಸಿಲು ಏರಿತ್ತು. ಸಿಮೆಂಟಿನ ಬೆಂಚಿನ ಮೇಲೆ ಕೂತಾಗ ನಾನು ಕೊನೆಗೂ ಬಾಯಿ ಬಿಟ್ಟೆ.

“ಆವತ್ತು ನಾ ಮಾಡಿದ್ದು ತಪ್ಪು. ಮಾಫ್ ಮಾಡಬೇ.”

“ಮಾಫಿ ತಗೊಂಡು ನೀ ಏನ್ ಮಾಡ್ತಿ?” ಅಂದಳು. ಬಹುವಚನ ಬಿಟ್ಟಿದ್ದಳು, ಆದರೆ ಅದು ಹಳೆಯ ಸಲಿಗೆಯಾಗಿರಲಿಲ್ಲ. “ನಿನಿಗಿ ನಿದ್ದಿ ಬರ್ತದ. ನನಗೇನ್ ಬರ್ತದ?”

ಆಕೆ ನನ್ನ ಕಡೆ ತಿರುಗಿ ಕೂತಳು.

“ಯಾಕ ಕಥಿ ಹೇಳ್ಲಿಲ್ಲ ಅಂತ ಕೇಳ್ಬೇಕು ಅನಸಾಕತ್ತದಲ್ಲ ನಿನಿಗಿ? ಕೇಳು. ತ್ವಾಳ ಅಂತ ಬಾಯಿ ತೆಗದ್ರ ಆ ನಗೀನ ಕೇಳ್ತದ. ಮನ್ಯಾಗ ನನ್ನ ತಮ್ಮನ ಮೊಮ್ಮಕ್ಕಳು ಕಥಿ ಹೇಳು ಅಂತಾವ. ಬರಂಗಿಲ್ಲ. ಮುಂದಿಂದು ಹಿಂದಾಗ್ತದ, ಹಲ್ಲು ಯಾವ್ದು ಕಿತ್ತೆ ನೆನಪಾಗಂಗಿಲ್ಲ. ಅಷ್ಟು ಮಂದಿ ನಕ್ರಲ್ಲ, ಅದ್ರಾಗ ಯಾರ ನಗಿ ಯಾವ್ದಂತ ನನಗ ಗೊತ್ತಿಲ್ಲ. ನಿಂದು ಮಾತ್ರ ಗೊತ್ತದ. ನೀ ನನ್ನ ಬೆನ್ನ ಹಿಂದ ನಿಂತಿದ್ದಿ.”

ದೇವದುರ್ಗದ ಬಸ್ಸು ಬಂದು ನಿಂತಿತು. ನಾನು ಎದ್ದು ಕೈ ತೋರಿಸಹೊರಟೆ. ಆಕೆ ಅಂಗೈ ಎತ್ತಿ ತಡೆದಳು. ಬಸ್ಸಿನ ಮುಂದೆ ಹೋಗಿ ನಿಂತು ಬೋರ್ಡು ನೋಡಿದಳು. ತುಟಿಗಳು ಆಡುತ್ತಿದ್ದವು. ದೇ ಆಯಿತು, ವ ಆಯಿತು. ದು ಆಯಿತು. ಅರ್ಕಾವತ್ತಿನ ಹತ್ತಿರ ಬೆರಳು ಗಾಳಿಯಲ್ಲಿ ನಿಂತಿತು. ಜನ ಆಕೆಯನ್ನು ತಳ್ಳಿಕೊಂಡು ಹತ್ತಿದರು. ಕಂಡಕ್ಟರ್ “ಯವ್ವಾ, ಬರ್ತಿಯೋ ಇಲ್ಲೋ?” ಎಂದು ಕೂಗಿದ. ಆಕೆಯ ಕಣ್ಣು ಬೋರ್ಡಿನ ಮೇಲೇ ಇತ್ತು. ನಾನು ಹೇಳಬಹುದಿತ್ತು. ಆಕೆಯ ಅಂಗೈ ಇನ್ನೂ ನನ್ನ ಕಡೆಗೇ ಇತ್ತು, ಹಾಗಾಗಿ ಹೇಳಲಿಲ್ಲ. ಅವನು ಸೀಟಿ ಊದಿದ. ಬಸ್ಸು ಹೊರಟಿತು.

ಆಕೆ ಹೊಗೆಯಲ್ಲಿ ನಿಂತು ಅದರ ಬೆನ್ನು ನೋಡುತ್ತಿದ್ದಳು. ಆಮೇಲೆ ಬಂದು ಬೆಂಚಿನ ಮೇಲೆ ಕೂತಳು. ಮುಂದಿನ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

“ನೀ ನಡಿ,” ಅಂದಳು. “ನನಗ ಕಾಯೋದು ರೂಢಿ ಅದ.”

ನಾನು ಹೋಗಲಿಲ್ಲ. ಆಕೆಯೂ ಮತ್ತೆ ಹೋಗು ಅನ್ನಲಿಲ್ಲ. ಸೆರಗಿನಿಂದ ಪುಸ್ತಕ ತೆಗೆದು, ನನ್ನ ಕಡೆ ಬೆನ್ನು ಮಾಡಿ ಕೂತು, ಮುಂದಿನ ಪುಟ ಬಿಚ್ಚಿದಳು.